ಕಿವಿಗೊಟ್ಟರೂ ಕೇಳದ ಮಾತು

"ಮುಚ್ಚಿ! ಓವನ್ ಬಾಗಿಲು ಮುಚ್ಚಿ ಮೊದಲು!"

ಅವಳು ಕೂಗುವಷ್ಟರಲ್ಲಿ ತಡವಾಗಿತ್ತು. ಅರ್ಧ ಬೆಂದಿದ್ದ ಸ್ಪಂಜ್ ಕೇಕು ತಣ್ಣನೆ ಗಾಳಿ ತಾಗಿ ಕುಸಿದು ಕೂತಿತು. ಬೇಕರಿಗೆ ಅಂದೇ ಸೇರಿದ್ದ ಅವನು ಕೈಬಟ್ಟೆ ಹಿಡಿದು ಪೆಚ್ಚಾಗಿ ನಿಂತಿದ್ದ.

"ಬೆಂದಿದೆಯಾ ಅಂತ ನೋಡಿದೆ, ಮೇಡಂ..."

"ನೋಡೋದಲ್ಲ, ಕೇಳ್ಬೇಕು!"

ಮುಂದಿನ ಕೇಕು ಹೊರಬಂದಾಗ ಅವಳು ಅದರ ಬಳಿ ಕಿವಿ ತಂದಳು. "ಒಳಗೆ ಚಿಟಿಚಿಟಿ ಅಂತಿದ್ರೆ ಇನ್ನೂ ಹಸಿ. ಸದ್ದು ಅಡಗಿ, ಬೆರಳಿಂದ ಒತ್ತಿದಾಗ ಮೇಲೆದ್ದು ಬಂದ್ರೆ ಆಯ್ತು ಅಂತ."

ಅವನೂ ಬಗ್ಗಿದ. ಒಂದೇ ಕೇಕಿಗೆ ಎರಡು ಕಿವಿ... ಮುಖಗಳ ನಡುವೆ ಗೇಣು ದೂರ! ಅವಳ ಕೆನ್ನೆ ಬಿಸಿಯಾಗಿದ್ದು ಓವನ್ನಿನಿಂದಲೇ ಇರಬೇಕು.

ಎಂಟು ತಿಂಗಳಲ್ಲಿ 'ಮೇಡಂ' ಹೋಗಿ 'ನೀನು' ಬಂತು. ಆಮೇಲೆ ಒಂದು ದಿನ ಅವಳಿಗೆ ಹೇಳದೆ ಕೇಳದೆ ಅವನು ಕೆಲಸ ಬಿಟ್ಟ.

ನಾನೇನು ಮಾಡಿದೆ? ಮೂರು ತಿಂಗಳು ಅದೇ ಪ್ರಶ್ನೆ. ಹಿಂಬಾಗಿಲು ಕಿರುಗುಟ್ಟಿದರೆ ಸಾಕು, ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಬರುತ್ತಿದ್ದವನು ಹಾಲಿನವನು.

ಕೊನೆಗೆ ಗಲ್ಲಾದಲ್ಲಿ ಕೂರುವ ಸೋದರತ್ತೆಯೇ ಗದರಿದರು. "ನೀನೇ ಬೇಡ ಅಂದು ಈಗ ಯಾಕೆ ಸೊರಗ್ತೀಯೇ?"

"ನಾನಾ? ಯಾವಾಗ?"

"ಮದುವೆ ಆಗ್ತೀಯಾ ಅಂತ ಕೇಳಿದ್ದಕ್ಕೆ 'ಇಲ್ಲ, ಇನ್ನೂ ಹಸಿ' ಅಂದ್ಯಂತೆ. ಪಾಪ, ಸಂಬಳ ಇಸ್ಕೊಳ್ಳೋಕೆ ಬಂದಾಗ ನನ್ನ ಹತ್ರ ಹೇಳ್ಕೊಂಡು ಎಷ್ಟು ನೊಂದ್ಕೊಂಡ!"

ಅವಳಿಗೆ ಥಟ್ಟನೆ ನೆನಪಾಯಿತು. ಆ ದಿನ... ಫ್ಯಾನಿನ ಗದ್ದಲ, ಒಂದು ಕಿವಿ ಕೇಕಿನ ಮೇಲೆ. ಬೆನ್ನ ಹಿಂದಿನಿಂದ ಕೇಳಿಸಿದ್ದು 'ಆಗ್...ಯಾ' ಅಂತಷ್ಟೇ. 'ಆಗಿದೆಯಾ' ಅಂದುಕೊಂಡು, ತಿರುಗಿಯೂ ನೋಡದೆ ಉತ್ತರಿಸಿದ್ದಳು!

ಏಪ್ರನ್ ಕೂಡ ಬಿಚ್ಚದೆ ಅವಳು ಅವನು ಈಗ ಸೇರಿದ್ದಾನೆಂದು ಅತ್ತೆ ಹೇಳಿದ ಹೋಟೆಲಿಗೆ ಓಡಿದಳು. ಅಡುಗೆಮನೆಯ ಹಿಂಬಾಗಿಲಿಗೆ ಬಂದವನು ಸೊರಗಿ ಹೋಗಿದ್ದ.

"ಹಸಿ ಅಂದಿದ್ದು ಕೇಕಿಗೆ ಕಣೋ!"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಕೆಲಸ ಕಲಿಯೋಕೆ ಬಂದವನು ನಾನು. ನನ್ನನ್ನೇ ಹಸಿ ಅಂದೆ ಅಂದ್ಕೊಂಡೆ..."

"ಇನ್ನೊಂದ್ಸಲ ಕೇಳ್ಬಾರದಿತ್ತಾ?"

"ಇನ್ನೊಂದ್ಸಲ 'ಇಲ್ಲ' ಕೇಳಿಸ್ಕೊಳ್ಳೋ ಧೈರ್ಯ ಇರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಸರಿ, ಈ ಸಲ ನಾನೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

"ಹ್ಞೂಂ..."

"ಜೋರಾಗಿ ಹೇಳು! ಈ ಪಿಸುಮಾತಿಂದ ಪಟ್ಟ ಪಾಡು ಸಾಲ್ದಾ?"

"ಆಗ್ತೀನಿ!"

ಒಳಗಿದ್ದ ಅಡುಗೆಯವರೆಲ್ಲ ಕತ್ತು ಚಾಚಿದರು. ಅವನು ನಾಚಿದ.

"ನನ್ನ ಆರಕ್ಕೆ ಕೆಲಸದಿಂದ ಬಿಡ್ತಾರೆ. ಅಷ್ಟರೊಳಗೆ ಹೋಗ್ಬಿಡ್ತೀಯಾ?"

"ಇಲ್ಲೇ ಇರ್ತೀನಿ."

"ಬಿಸಿಲಿದೆ. ಒಳಗೆ ಬಾ, ನನ್ನ ಪಕ್ಕ ಕೂತ್ಕೋ."