ರಮ್ಯಾ ಬಿಡಿಸಿದ ಬೆಟ್ಟ

"ಓಬಳೇಶ್ ಅಂದ್ರೆ ಯಾರ್ರೀ ಇಲ್ಲಿ?"

ಹಿರಿಯೂರು ಬಸ್ ಸ್ಟ್ಯಾಂಡ್ ಹಿಂದಿನ ಗೇಮಿಂಗ್ ಸೆಂಟರಿನಲ್ಲಿ ಆಡುತ್ತಿದ್ದವರೆಲ್ಲ ತಲೆ ಎತ್ತಿದರು. ಹೆಡ್‌ಫೋನ್ ಹಾಕಿಕೊಂಡಿದ್ದವರೂ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಿಸಿಲಿಗೋ ಕೋಪಕ್ಕೋ ಕೆಂಪಾಗಿತ್ತು.

"ನಾನೇ ರೀ. ಒಳಗೆ ಬರ್ರಿ, ಕುಂತ್ಕಳ್ರಿ." ಸೆಂಟರ್ ನಡೆಸುತ್ತಿದ್ದ ಯುವಕ ಕುರ್ಚಿ ಎಳೆದ.

"ಕುಂತ್ಕಳಾಕೆ ಬಂದಿಲ್ಲ! ನಾನು ಯಶೋಧಾ. ಚಿತ್ರದುರ್ಗದಲ್ಲಿ ಮೂರ್ತಪ್ಪನವರ ಕಂಪ್ಯೂಟರ್ ಅಂಗಡಿ ಐತಲ್ಲ, ನಮ್ಮಪ್ಪಂದು. ಆಟದ ಚಿತ್ರ ಚೆಂದ ಕಾಣ್ಲಿ ಅಂತ ಹೊಸ ಗ್ರಾಫಿಕ್ಸ್ ಕಾರ್ಡ್ ಕೇಳ್ಕೊಂಡು ಬಂದ ಗಿರಾಕಿಗಳೆಲ್ಲ ವಾಪಸ್ ಹೋಗ್ತಾವ್ರೆ. ಯಾಕೆ ಅಂದ್ರೆ, ಹಿರಿಯೂರು ಓಬಳೇಶಣ್ಣ ಬ್ಯಾಡ ಅಂದ್ರು ಅಂತಾರೆ. ನಿಮಗೇನ್ರಿ ಮಾಡಿದ್ವಿ ನಾವು?"

ಅವನು ಸಿಟ್ಟಾಗಲಿಲ್ಲ.

"ಸುಳ್ಳು ಹೇಳಿಲ್ಲ ರೀ. ಮೊದ್ಲು ಹೊಸ ಕಾರ್ಡ್ ಬಂತು ಅಂದ್ರೆ ಆಟದ ಲೋಕಾನೇ ಬದ್ಲಾಗೋದು. ಈಗ ಬೆಲೆ ಬದ್ಲಾಗ್ತೈತೆ, ಚಿತ್ರ ಅಷ್ಟಕ್ಕಷ್ಟೆ. ಇವೆರಡ್ರಲ್ಲಿ ಹೊಸ ಕಾರ್ಡ್ ಯಾವ್ದು, ನೀವೇ ನೋಡಿ ಹೇಳ್ರಿ."

ಅಕ್ಕಪಕ್ಕದ ಎರಡು ಪರದೆಗಳಲ್ಲಿ ಒಂದೇ ಆಟ. ಒಂದಕ್ಕೆ ಹಳೆಯ ಕಾರ್ಡ್, ಇನ್ನೊಂದಕ್ಕೆ ಈ ವರ್ಷದ್ದು.

ಯಶೋಧಾ ಬಗ್ಗಿ ನೋಡಿದಳು... ಇನ್ನೂ ಬಗ್ಗಿದಳು... ಮೂಗು ಪರದೆಗೆ ತಾಗುವುದೊಂದು ಬಾಕಿ.

"ಎಡಗಡೇದು ಹೊಸದು! ಕೆಸರು ನೀರಲ್ಲಿ ದೀಪದ ಬೆಳಕು ನೋಡ್ರಿ, ಒಡೆದಿಲ್ಲ."

"ಅಬ್ಬಾ! ಇಲ್ಲೀವರೆಗೂ ಒಬ್ರೂ ಸರಿಯಾಗಿ ಹೇಳಿರ್ಲಿಲ್ಲ ರೀ!"

ಗೆದ್ದೆ ಎಂದುಕೊಂಡವಳಿಗೆ ಆಮೇಲೆ ಹೊಳೆಯಿತು... ಆಟ ಆಡುವವರು ಯಾರಾದರೂ ಹೀಗೆ ಬಗ್ಗಿ ಕೆಸರು ನೋಡುತ್ತಾರಾ? ಇಬ್ಬರಿಗೂ ಒಟ್ಟಿಗೇ ನಗು ಬಂತು. ಹೊತ್ತುಕೊಂಡು ಬಂದಿದ್ದ ಜಗಳ ಆ ನಗುವಿನಲ್ಲಿ ಎಲ್ಲಿ ಕಳೆದುಹೋಯಿತೋ!

ಓಬಳೇಶ್ ಆಗಲೇ ಒಂದು ಆಟ ಕಟ್ಟುತ್ತಿದ್ದ. ಬೆಟ್ಟದಲ್ಲಿ ಚದುರಿಹೋದ ಕುರಿಗಳನ್ನು ಹೊತ್ತು ಮುಳುಗುವುದರೊಳಗೆ ಹಟ್ಟಿಗೆ ಸೇರಿಸುವ ಒಬ್ಬ ಅಜ್ಜಿಯ ಆಟ.

"ಇನ್ಮೇಲೆ ಕಾರ್ಡ್ ನಂಬ್ಕೊಂಡು ಕುಂತ್ರೆ ಆಗಲ್ಲ ಯಶೋಧಾ. ಆಟಾನೇ ಚೆನ್ನಾಗಿರ್ಬೇಕು. ಹಳೇ ಲ್ಯಾಪ್‌ಟಾಪಲ್ಲೂ ಓಡ್ಬೇಕು, ಆಡಿದೋರು ಮರೀಬಾರ್ದು."

ಅಪ್ಪನ ಅಂಗಡಿಗೆ ರಿಪೇರಿಗೆ ಬರುತ್ತಿದ್ದ ಮುದಿ ಯಂತ್ರಗಳಲ್ಲೆಲ್ಲ ಆ ಆಟವನ್ನು ಓಡಿಸಿ ನೋಡುವ ಕೆಲಸ ಯಶೋಧಾಳದಾಯಿತು. ಭಾನುವಾರ ಬಂತೆಂದರೆ ಹಿರಿಯೂರು ಬಸ್ಸು. ಆಟಕ್ಕಾಗಿ ಹೋಗುತ್ತಿದ್ದೇನೆ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ಹಾಗಾದರೆ ಬಸ್ಸು ಇಳಿಯುವ ಮೊದಲು ಕೂದಲು ಸರಿಮಾಡಿಕೊಳ್ಳುವುದು ಯಾರಿಗಾಗಿ?

ಅಷ್ಟರಲ್ಲಿ ರಮ್ಯಾ ಬಂದಳು.

ಹೊಳಲ್ಕೆರೆ ಕಡೆಯ ರಾಮಗಿರಿಯವಳು, ಚಿತ್ರಕಲೆ ಓದಿದವಳು. ಆಟಕ್ಕೆ ಚಿತ್ರ ಬಿಡಿಸಲು ಓಬಳೇಶ್ ಕರೆಸಿಕೊಂಡಿದ್ದ. ಅವಳು ಬಿಡಿಸಿದ ಬೆಟ್ಟದಲ್ಲಿ ಕಪ್ಪು ಬಂಡೆಗಳ ಸಂದಿಗೆ ಒಣಹುಲ್ಲು ಹೊಳೆಯುತ್ತಿತ್ತು, ಇಳಿಬಿಸಿಲು ನಿಜಕ್ಕೂ ಬೆಚ್ಚಗಿತ್ತು. ಚೆನ್ನಾಗಿತ್ತು... ಅದೇ ಯಶೋಧಾಳಿಗೆ ತಡೆಯಲಾಗದ್ದು!

"ರಮ್ಯಾ ಹಾಕಿರೋ ಬಣ್ಣ ನೋಡಿದ್ರಾ?" ಓಬಳೇಶ್ ಕೇಳಿದ.

"ನೋಡ್ದೆ."

"ರಮ್ಯಾ ಹೇಳ್ತಿದ್ರು, ಬಂಡೆಗೂ ಒಂದೊಂದು ಮುಖ ಇರ್ತೈತಂತೆ!"

'ಬಂಡೆಯ ಮುಖ ಕಾಣ್ತೈತೆ, ಎದುರಿಗೆ ಕುಂತಿರೋಳ ಮುಖ ಕಾಣಲ್ಲ!' ಯಶೋಧಾ ತುಟಿ ಕಚ್ಚಿದಳು. ರಮ್ಯಾ ತಂದ ಬುತ್ತಿಯಲ್ಲಿ ಅವನು ರೊಟ್ಟಿ ಮುರಿದುಕೊಂಡ ದಿನವಂತೂ ಅವಳಿಗೆ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಅವಳ ಬಾಯಿಂದ ಒಂದು ಮಾತು ಹೊರಬಿತ್ತು.

"ಆ ಬೆಟ್ಟ ಬಾಳ ಭಾರ ಆಗೈತೆ ಓಬಳೇಶ್. ಹಳೇ ಮಷೀನಲ್ಲಿ ಆಟ ತಡವರಿಸ್ತೈತೆ. ಹೊಸ ಕಾರ್ಡ್ ಇಲ್ದೆ ಓಡಲ್ಲ."

"ನಿಜಾನಾ?"

"ನಿಜ."

ಸುಳ್ಳು! ಅಂಗಡಿಯ ಅತಿ ಹಳೆಯ ಯಂತ್ರದಲ್ಲೂ ಆ ಬೆಟ್ಟ ಬೆಣ್ಣೆಯಂತೆ ಓಡಿತ್ತು.

ಅವನು ಆಟದಿಂದ ಬೆಟ್ಟವನ್ನೇ ತೆಗೆದುಹಾಕಿದ. ರಮ್ಯಾ ಬ್ಯಾಗ್ ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಖುಷಿಯಾಗಬೇಕಿತ್ತು. ಆದರೆ ಬೆಟ್ಟ ತೆಗೆದ ಆಟವನ್ನು ಯಶೋಧಾ ತೆರೆದು ನೋಡಿದಳು. ಬೋಳು ನೆಲದ ಮೇಲೆ ಅಜ್ಜಿ ಒಬ್ಬಳೇ ನಡೆಯುತ್ತಿದ್ದಳು. ಕುರಿಗಳಿಗೆ ಅಡಗಲು ಒಂದು ಬಂಡೆಯೂ ಇರಲಿಲ್ಲ. ಹುಡುಕುವುದೇ ಇಲ್ಲದ ಮೇಲೆ ಆಟವಾದರೂ ಎಲ್ಲಿ?

'ಅವನ ಕನಸನ್ನೇ ಕೊಂದುಬಿಟ್ಟೆನಲ್ಲ ನಾನು...'

ಮರುದಿನ ಬೆಳಿಗ್ಗೆಯೇ ರಾಮಗಿರಿಗೆ ಹೋದಳು. ರಮ್ಯಾ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದಳು.

"ರಮ್ಯಾ... ನಾನು ಸುಳ್ಳು ಹೇಳ್ದೆ. ನಿನ್ನ ಬೆಟ್ಟ ಚೆನ್ನಾಗೇ ಓಡ್ತಿತ್ತು. ನನಗೇ ಹೊಟ್ಟೆ ಉರೀತಿತ್ತು."

ರಮ್ಯಾ ಕುಂಚವನ್ನು ಡಬ್ಬದ ಮೇಲಿಟ್ಟಳು.

"ನಿನ್ನ ಅನುಮಾನ ಸುಳ್ಳಲ್ಲ. ನನಗೂ ಅವನ ಮೇಲೆ ಮನಸ್ಸಿತ್ತು. ಕೇಳೇಬಿಟ್ಟೆ. 'ನನ್ನ ಮನಸ್ಸು ಚಿತ್ರದುರ್ಗದಲ್ಲಿ ಐತೆ, ಹೇಳಾಕೆ ಧೈರ್ಯ ಬರ್ತಿಲ್ಲ' ಅಂದ."

ಚಿತ್ರದುರ್ಗ ಎಂದರೆ ತಾನೇ ಎಂದು ಯಶೋಧಾಳಿಗೆ ಈಗ ಹೊಳೆಯಿತು.

"ಬ್ಯಾಸರಾತು. ಆದ್ರೂ ಬಿಡಿಸ್ತಾ ಇದ್ದೆ. ಅವನು ನಂಗೆ ಸಿಗ್ಲಿಲ್ಲ, ಬೆಟ್ಟನಾದ್ರೂ ನಂದು ಅಂದ್ಕಂಡಿದ್ದೆ. ನೀನು ಅದನ್ನೂ ಕಿತ್ಕಂಡೆ ಯಶೋಧಾ."

ಯಶೋಧಾಳ ಕಣ್ಣು ತುಂಬಿ ಹರಿಯಿತು.

"ಅಳ್ಬ್ಯಾಡ. ಅವನಿಗೆ ಹೇಳ್ತೀಯಾ?"

"ಈಗಲೇ ಹೋಗಿ ಹೇಳ್ತೀನಿ."

"ಹೇಳು. ಬೆಟ್ಟ ವಾಪಸ್ ಬಂದ್ರೆ ನಾನೂ ಬರ್ತೀನಿ. ನಿನಗೋಸ್ಕರ ಅಲ್ಲ... ಆ ಅಜ್ಜಿಗೋಸ್ಕರ."

ಹಿರಿಯೂರು ತಲುಪಿದಾಗ ಮಧ್ಯಾಹ್ನ. ತನ್ನ ಸುಳ್ಳು, ರಮ್ಯಾ ಆಡಿದ ಮಾತು, ಎಲ್ಲವನ್ನೂ ಹೇಳಿದಳು; ಸುಳ್ಳು ಯಾಕೆ ಎಂಬುದೊಂದನ್ನು ಬಿಟ್ಟು. ಓಬಳೇಶ್ ತೆಗೆದಿಟ್ಟಿದ್ದ ಬೆಟ್ಟವನ್ನು ಪರದೆಯ ಮೇಲೆ ತೆರೆದ.

"ನಾನು ಒಂದ್ಸಲನೂ ಓಡಿಸಿ ನೋಡ್ಲಿಲ್ಲ ಯಶೋಧಾ. ನೀವು ಹೇಳಿದ್ರಿ, ಮುಗೀತು ಅಂದ್ಕಂಡೆ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ! ಅವಳು ಎದ್ದು ಬಾಗಿಲ ಕಡೆ ನಡೆದಳು.

"ಎಲ್ಲಿಗೆ? ಬೆಟ್ಟ ವಾಪಸ್ ಇಡಾಕೆ ಜೊತೆಗೆ ಯಾರು ಕುಂತ್ಕಳ್ಳೋದು?"

ಇಬ್ಬರೂ ಕೂಡಿ ಕೆಲಸ ಮಾಡಿದರು. ಒಂದೊಂದೇ ಬಂಡೆ ಪರದೆಗೆ ಮರಳಿತು. ಕೊನೆಯ ಕುರಿ ಅದರ ಹಿಂದೆ ಅಡಗಿದಾಗ ಅವನು ಮೆಲ್ಲಗೆ ಕೇಳಿದ.

"ಯಾಕೆ ಹೇಳಿದ್ರಿ ಆ ಸುಳ್ಳು?"

"ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗ್ತೈತೆ. ಆದ್ರೂ ನಿಮ್ಮ ಬಾಯಲ್ಲೇ ಕೇಳ್ಬೇಕು."

"ನೀವಂದ್ರೆ ಇಷ್ಟ... ನಿಮ್ಮ ಬಾಯಲ್ಲಿ ಬೇರೆ ಹೆಸರು ಬಂದ್ರೆ ತಡ್ಕಳಾಕಾಗದಷ್ಟು ಇಷ್ಟ!"

ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ. "ತಪ್ಪು ನಂದೂ ಐತೆ. ರಮ್ಯಾಗೆ ಹೇಳಿದ್ದನ್ನ ಮೊದ್ಲು ನಿಮಗೆ ಹೇಳ್ಬೇಕಿತ್ತು."

"ಸಿಟ್ಟು ಹೋಯ್ತಾ?"

"ಇಲ್ಲ. ಇನ್ನೂ ಸ್ವಲ್ಪ ದಿನ ಇರ್ತೈತೆ."

"ಇರ್ಲಿ... ನಾನೂ ಇಲ್ಲೇ ಇರ್ತೀನಿ."

ಅವನ ತುಟಿಯ ಅಂಚಿನಲ್ಲಿ ನಗು ಮೂಡಿತು. "ನಾಳೆಯಿಂದ ರಮ್ಯಾನೂ ಬರ್ತಾರೆ. ಮತ್ತೆ ಹೊಟ್ಟೆ ಉರಿದ್ರೆ?"

"ಉರಿದ್ರೆ ಬಂದು ನಿನಗೇ ಹೇಳ್ತೀನಿ. ಅವಳ ಬೆಟ್ಟಕ್ಕೆ ಕೈ ಹಚ್ಚಲ್ಲ."

"ಏನಂದೆ? ನಿನಗೇ ಅಂದ್ಯಾ? ಇನ್ನೊಂದ್ಸಲ ಅನ್ನು..."

ನಾಚಿಕೆಯಿಂದ ಅವಳ ಮುಖ ಕಿವಿಯವರೆಗೂ ಕೆಂಪೇರಿತು.

"ನಿನಗೇ... ನಿನಗೇ ಹೇಳ್ತೀನಿ ಕಣೋ!"