ಒಳಗಿನಿಂದ ಮೆತ್ತಿದ ಹಿಟ್ಟು

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆ. ನಾನು ಓಡಿಸುತ್ತಿದ್ದ ಶಿವಶರಣಪ್ಪ ಸಾಹುಕಾರರ ಕಾರು ಕಾಖಂಡಕಿಯಿಂದ ವಿಜಾಪುರಕ್ಕೆ ಬರುವಾಗ ರೇಡಿಯೇಟರ್ ಸೋರಿ ಕುದಿಯಿತು.

“ಮುಂಜಾನೆ ನೀರ ಗಾಡಿಗಿ ಹಾಕಿದ್ಯೋ, ನೀನ ಕುಡದ್ಯೋ? ಇಂಜಿನ್ ಸುಟ್ರ ನಾಳಿಂದ ಬರಬ್ಯಾಡ,” ಎಂದರು ಸಾಹುಕಾರರು.

ಹಾಕಿದ್ದೆ, ಆದರೂ ನನ್ನ ಮೇಲೆ ನನಗೇ ಸಂಶಯ ಬಂತು. ಸೋರಿದರೆ ತೂತು ಮುಚ್ಚಲೆಂದು ನಾವು ಡ್ರೈವರುಗಳು ನೀರಿಗೆ ಜೋಳದ ಹಿಟ್ಟು ಕಲಸಿ ಸುರಿಯುವುದುಂಟು. ಅಂದು ಹಿಟ್ಟಿರಲಿಲ್ಲ. ದಾರಿಬದಿಯ ಸಾಹುಕಾರರ ಹೊಲದ ಬಾವಿಯಿಂದ ಬರೀ ನೀರು ತುಂಬಿದೆ; ಹಿಂದಿನ ವರ್ಷ ಅವರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹುಡುಗಿ ಬಿದ್ದು ಸತ್ತದ್ದು ಅದೇ ಬಾವಿಯಲ್ಲಿ. ಸೋರಿಕೆ ನಿಂತಿತು. ಅಷ್ಟು ದೂರ ಬಿಸಿಲಲ್ಲಿ ಓಡಿದರೂ ರೇಡಿಯೇಟರ್ ಗಡಿಗೆಯಂತೆ ತಣ್ಣಗಿತ್ತು.

ವಿಜಾಪುರದ ಜೋರಾಪುರ ಪೇಟೆಯ ಮಿಸ್ತ್ರಿ ಈರಯ್ಯ ಅದರ ತಗಡು ಬಿಚ್ಚಿದ. “ಇದರಾಗ ಕೈ ಹ್ಯಾಂಗ ಹೋತಲೇ?”

ತೂತಿಗೆ ಒಳಗಿನಿಂದ ಹಸಿ ಹಿಟ್ಟು ಮೆತ್ತಿತ್ತು. ಅದರ ಮೇಲೆ ಹೆಣ್ಣಿನ ಸಣ್ಣ ಬೆರಳುಗಳ ಗುರುತು.

ಸಾಹುಕಾರರು ಬಗ್ಗಿ ನೋಡಿದವರೇ ಅದನ್ನು ಧೋತರದ ತುದಿಯಿಂದ ಒರೆಸಿಬಿಟ್ಟರು. “ನಾಳಿಗಿ ಕೆಲಸಕ್ಕ ಬಾ,” ಎಂದರು.

ಯಾರ ಬೆರಳೆಂದು ಅವರು ಕೇಳಲೇ ಇಲ್ಲ.