ತಳುಕಯ್ಯನ ನವಿಲು

ಬಹಳ ಹಿಂದೆ, ಮೋಡಗಳು ಇನ್ನೂ ನೆಲದ ಮೇಲೆ ನಡೆದಾಡುತ್ತಿದ್ದ ಕಾಲದಲ್ಲಿ, ಬೆಳ್ಳಂಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಓರಗಿತ್ತಿಯರಿದ್ದರು. ಹಿರಿಯಳು ಕೆಂಚಾಂಬೆ, ಕಿರಿಯಳು ದೇವೀರಿ. ಒಂದೇ ಒಲೆ, ಒಂದೇ ಬಾವಿ. ಹೊಟ್ಟೆಕಿಚ್ಚು ಮಾತ್ರ ಇಬ್ಬರಿಗೂ ಬೇರೆ ಬೇರೆ.

ಊರಬಾಗಿಲಲ್ಲಿ ತಳುಕಯ್ಯನೆಂಬ ಮಾಂತ್ರಿಕ ಅಂಗಡಿ ತೆರೆದ. ಒಳಗೆ ಸಾಲು ಸಾಲು ಭರಣಿ, ಮುಂದೆ ಮಾತಾಡುವ ನವಿಲು. ಅದು ಗರಿ ಬಿಚ್ಚಿದರೆ ಒಂದೊಂದು ಕಣ್ಣಿನಲ್ಲೂ ಬೇರೆಯವರ ಒಡವೆ, ವಸ್ತ್ರ ಕಾಣುತ್ತಿದ್ದವು.

"ನೋಡು, ಕೆಂಚಾಂಬೆಗೆ ಹಸಿರು ಬಳೆ! ನಿನಗೆಲ್ಲಿ?" ಎಂದಿತು ನವಿಲು, ಅತ್ತ ಬಂದ ದೇವೀರಿಗೆ.

ದೇವೀರಿಯ ಎದೆ ಉರಿಯಿತು. ಮನೆಯಲ್ಲಿ ಹಸಿರು ಬಳೆ ಇತ್ತು. ಆದರೆ ಆ ಹಸಿರಲ್ಲ.

"ಏನು ಬೆಲೆ?"

"ಹಣ ಯಾರಿಗೆ ಬೇಕು ತಾಯಿ?" ತಳುಕಯ್ಯ ನಕ್ಕ. "ನಿನ್ನ ಮಗು ಈಗ ಮಾತು ಕಲೀತಿದೆಯಲ್ಲ, ಅದರಲ್ಲಿ ಒಂದು ಮಾತು ಕೊಡು."

ಒಂದು ಮಾತು ತಾನೆ ಎಂದುಕೊಂಡು ಬಳೆ ತೊಟ್ಟು ಬಂದಳು. ಆ ಸಂಜೆ ಮಗಳು ಚೆಲುವಿ ಆಕಾಶಕ್ಕೆ ಕೈ ಚಾಚಿದಳು. ಚಂದಮಾಮ ಎನ್ನಲು ಬರಲಿಲ್ಲ.

ಎರಡನೇ ಸಲ ನವಿಲು ಕೆಂಚಾಂಬೆಯ ಜರಿ ಸೀರೆ ತೋರಿಸಿತು. ದೇವೀರಿ ಅದಕ್ಕಿಂತ ಅಗಲ ಅಂಚಿನದು ತಂದಳು. ಚೆಲುವಿ ಅಜ್ಜಿಯ ತೊಡೆಯ ಮೇಲೆ ಕೂತಳು, ಅಜ್ಜಿ ಎನ್ನಲಿಲ್ಲ. ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೀರೆಯೋ, ಒಮ್ಮೆ ಉಟ್ಟದ್ದು ಪೆಟ್ಟಿಗೆ ಸೇರಿತು.

ಮೂರನೇ ಸಲ ಕೆಂಚಾಂಬೆಯ ಮುತ್ತಿನ ಸರ ಕಂಡಿತು. ಅಂಥದೇ ಇನ್ನೊಂದನ್ನು ತಳುಕಯ್ಯ ಮುಂದೆ ಹಿಡಿದ.

"ಇದಕ್ಕೆ 'ಅಮ್ಮ' ಅನ್ನೋ ಮಾತು."

ದೇವೀರಿ ಕೈ ಹಿಂದೆಗೆದಳು. ಕಣ್ಣು ಸರದಲ್ಲೇ ಇತ್ತು. "ನಾಳೆ ಬರ್ತೀನಿ" ಅಂದಳು. ಬರುವವಳೇ! ದಾರಿಯುದ್ದಕ್ಕೂ ಅವಳ ಕಣ್ಣಮುಂದೆ ಕೆಂಚಾಂಬೆಯ ಕುತ್ತಿಗೆ.

ಹೊಸ್ತಿಲಲ್ಲಿ ಚೆಲುವಿ "ಅಮ್ಮಾ" ಎಂದು ಕಾಲು ತಬ್ಬಿದಳು. ದೇವೀರಿ ಮಗುವನ್ನು ಎತ್ತಿಕೊಂಡಳು. ಹಲ್ಲು ಕಚ್ಚಿಕೊಂಡು, ಸತ್ತರೂ ಮಾಡಲಾರೆ ಎಂದಿದ್ದ ಕೆಲಸ ಮಾಡಿದಳು. ಓರಗಿತ್ತಿಯ ಕೋಣೆಗೆ ಹೋದಳು.

"ಅಕ್ಕಾ, ನಿನ್ನ ಮುತ್ತಿನ ಸರ ಒಂದು ದಿನ ಹಾಕ್ಕೊಳ್ಳೋಕೆ ಕೊಡ್ತೀಯಾ?"

ಕೆಂಚಾಂಬೆ ಸರ ಬಿಚ್ಚಿ ಅವಳ ಕೈಗೆ ಹಾಕಿದಳು. "ನೀನೇ ಇಟ್ಕೋ ಮಾರಾಯ್ತಿ. ಕುತ್ತಿಗೆ ಕೆರೆಯುತ್ತೆ. ನೀನು ನೋಡಿ ಉರ್ಕೊಳ್ಳಲಿ ಅಂತ ಹಾಕ್ಕೊಂಡಿದ್ದೆ ಅಷ್ಟೆ." ಆಮೇಲೆ ಮೂಲೆಯಲ್ಲಿ ಮೂಕನಾಗಿ ಕೂತಿದ್ದ ತನ್ನ ಮಗನತ್ತ ನೋಡಿ ದನಿ ತಗ್ಗಿಸಿದಳು. "ನಿನ್ನ ಸೀರೆ ಅಂಚು ನೋಡಿ, ಈ ಸರಕ್ಕಾಗಿ ಇವನ ಕೊನೇ ಮಾತನ್ನೂ ಆ ಮಾಂತ್ರಿಕನಿಗೆ ಕೊಟ್ಟುಬಿಟ್ಟೆ ಕಣೇ."

ಮಾರನೆಯ ದಿನ ಇಬ್ಬರೂ ಅಂಗಡಿಗೆ ಹೋದರು. ದೇವೀರಿಯ ಕೊರಳಲ್ಲಿ ಕೆಂಚಾಂಬೆಯ ಸರ, ಕೆಂಚಾಂಬೆಯ ಮೈಮೇಲೆ ದೇವೀರಿಯ ಸೀರೆ.

"ಕೆಂಚಾಂಬೆಯ ಸೀರೆ ನೋಡು!" ನವಿಲು ಕೂಗಿತು.

"ನಂದೇ. ನಾನೇ ಉಡಿಸಿದ್ದು," ಅಂದಳು ದೇವೀರಿ.

"ದೇವೀರಿಯ ಸರ ನೋಡು!"

"ನಂದೇ. ಮುಂದೆ ಹೇಳು," ಅಂದಳು ಕೆಂಚಾಂಬೆ.

ಗರಿಯ ಕಣ್ಣುಗಳು ಒಂದೊಂದಾಗಿ ಮುಚ್ಚಿದವು. ಅಂಗಡಿಯ ಭರಣಿಗಳು ಒಡೆದು, ಒಳಗಿದ್ದ ಮಾತುಗಳು ಗುಬ್ಬಚ್ಚಿಗಳಾಗಿ ಮನೆಮನೆಗೆ ಹಾರಿದವು. ತಳುಕಯ್ಯ ಹೊಳಪು ಹೋದ ಹಿತ್ತಾಳೆ ಗುಂಡಿಯಾಗಿ ಚರಂಡಿಗೆ ಉರುಳಿದ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಅದೆಲ್ಲಿ ಹೋಗುತ್ತದೆ? ಆದರೆ ಉರಿ ಎದ್ದಾಗಲೆಲ್ಲ ಅವರು ಅಂಗಡಿಗೆ ಓಡದೆ ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ತೆಗೆಯುತ್ತಿದ್ದರು. ಎಲ್ಲರೂ ನಗುನಗುತ್ತ ಬಾಳಿದರು. ಚೆಲುವಿಯಂತೂ ಅಜ್ಜಿ, ಚಂದಮಾಮ ಎಂದು ಶುರುಮಾಡಿದವಳು ಮಾತು ನಿಲ್ಲಿಸಲೇ ಇಲ್ಲ. ಅವಳ ಬಾಯಿ ಮುಚ್ಚಿಸುವ ಮಂತ್ರ ಆ ರಾಜ್ಯದಲ್ಲಿ ಯಾರಿಗೂ ತಿಳಿದಿರಲಿಲ್ಲ.